ನಾಲ್ಕು ಹೆಸರಿನ ಮನುಷ್ಯ

ನಿಮ್ಮ ಗಂಡನ ಬಗ್ಗೆ ನಿಮಗೆ ಏನೇನು ಗೊತ್ತು ಎಂದು ಪೊಲೀಸ್ ಇನ್ಸ್‌ಪೆಕ್ಟರ್ ಒಬ್ಬ ಎದುರಿಗೆ ಕೂತು ಕೇಳಿದರೆ ನಾವು ಏನು ಹೇಳುತ್ತೇವೆ? ಹುಳಿಗೆ ಖಾರ ಎಷ್ಟಿರಬೇಕು, ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಬರುತ್ತದೆ, ಯಾವ ನೆಂಟರ ಹೆಸರೆತ್ತಿದರೆ ಮುಖ ಗಂಟಾಗುತ್ತದೆ, ಇವೆಲ್ಲ ನಮಗೆ ಬಾಯಿಪಾಠ. ಆದರೆ ಇನ್ಸ್‌ಪೆಕ್ಟರಿಗೆ ಇವು ಬೇಕಿಲ್ಲ. ಓದಿದ್ದೆಷ್ಟು, ದುಡ್ಡು ಎಲ್ಲಿಂದ ಬರುತ್ತಿತ್ತು, ಆ ದಿನ ರೈಲು ಹತ್ತಿ ಎಲ್ಲಿಗೆ ಹೊರಟಿದ್ದರು, ಇದನ್ನು ಹೇಳಿ ಎನ್ನುತ್ತಾನೆ. ಆಗ ನಮ್ಮಲ್ಲಿ ಎಷ್ಟು ಮಂದಿ ತಡವರಿಸದೆ ಉತ್ತರ ಕೊಟ್ಟೇವು?

‘ಶರೇಡ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ರೆಜಿನಾ ಎಂಬ ಹೆಂಗಸಿಗೆ ಪ್ಯಾರಿಸ್ಸಿನಲ್ಲಿ ಈ ಗತಿ ಬರುತ್ತದೆ. ಹಿಮದ ಬೆಟ್ಟಗಳ ಊರಿನಲ್ಲಿ ರಜೆ ಕಳೆದು ಮನೆಗೆ ಬರುತ್ತಾಳೆ. ಬಂದರೆ ಮನೆ ಖಾಲಿ. ಕುರ್ಚಿಯಿಲ್ಲ, ಮಂಚವಿಲ್ಲ, ಬೀರುವಿನಲ್ಲಿ ಒಂದು ಬಟ್ಟೆಯಿಲ್ಲ. ಗಂಡ ಎಲ್ಲವನ್ನೂ ಹರಾಜಿಗೆ ಹಾಕಿ ಹಣ ಮಾಡಿಕೊಂಡು ಹೊರಟಿದ್ದಾನೆ, ಹೊರಟವನನ್ನು ಯಾರೋ ಓಡುವ ರೈಲಿನಿಂದ ಆಚೆಗೆ ತಳ್ಳಿದ್ದಾರೆ. ಇನ್ಸ್‌ಪೆಕ್ಟರು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರೆ ಇವಳ ಬಾಯಿಂದ ಬರುವುದು ಒಂದೇ ಮಾತು, ಗೊತ್ತಿಲ್ಲ. ಕೊನೆಗೆ ಆತ ಮೇಜಿನ ಖಾನೆಯಿಂದ ಗಂಡನ ಪಾಸ್‌ಪೋರ್ಟುಗಳನ್ನು ತೆಗೆದು ತೋರಿಸುತ್ತಾನೆ. ಒಂದಲ್ಲ, ಬೇರೆ ಬೇರೆ ದೇಶದವು, ಬೇರೆ ಬೇರೆ ಹೆಸರಿನವು. ಎಲ್ಲದರಲ್ಲೂ ಅದೇ ಮುಖ.

ಈ ಚಿತ್ರ ಬಂದದ್ದು 1963ರ ಡಿಸೆಂಬರಿನಲ್ಲಿ. ಸ್ಟಾನ್ಲಿ ಡೋನನ್ ನಿರ್ದೇಶಕ. ಆಡ್ರೆ ಹೆಪ್‌ಬರ್ನ್, ಕ್ಯಾರಿ ಗ್ರಾಂಟ್ ಜೋಡಿ. ಕೊಲೆಯ ಮೇಲೆ ಕೊಲೆ ನಡೆಯುವ ಕಥೆಯಲ್ಲಿ ಇಷ್ಟು ನಗು, ಇಷ್ಟು ಸರಸ ಹೇಗೆ ಬಂತೋ, ನೋಡಿದವರೆಲ್ಲ ಇದು ಹಿಚ್‌ಕಾಕ್ ತೆಗೆಯದೇ ಬಿಟ್ಟ ಹಿಚ್‌ಕಾಕ್ ಚಿತ್ರ ಎನ್ನುತ್ತಾ ಬಂದಿದ್ದಾರೆ. ಬಿಡುಗಡೆಗೆ ಎರಡೇ ವಾರ ಮುಂಚೆ ಅಮೆರಿಕದಲ್ಲಿ ಕೆನಡಿಯವರ ಕೊಲೆಯಾಗಿ, ಮಾತುಗಳ ನಡುವೆ ಇದ್ದ ‘ಹತ್ಯೆ’ಯಂಥ ಪದವನ್ನು ಅವಸರದಲ್ಲಿ ಬದಲಿಸಿದರಂತೆ. ಅಷ್ಟು ಎಚ್ಚರ ವಹಿಸಿದ ಕಂಪನಿಯವರು ಹಕ್ಕುಸ್ವಾಮ್ಯದ ಸೂಚನೆಯನ್ನು ಸರಿಯಾಗಿ ಹಾಕಲು ಮರೆತರು. ಹಾಗಾಗಿ ಅಮೆರಿಕದಲ್ಲಿ ಅದು ಬಂದ ದಿನದಿಂದಲೇ ಎಲ್ಲರ ಸ್ವತ್ತಾಯಿತು. ಹೋದ ವರ್ಷ ಮಗಳ ಮನೆಗೆ ಬೆಂಗಳೂರಿಗೆ ಹೋಗಿದ್ದಾಗ ಅವಳು ಮೊಬೈಲಿನಿಂದ ಟೀವಿಗೆ ಹಾಕಿ ತೋರಿಸಿದಳು. ನನಗೆ ಎಡಗಿವಿ ಕೇಳುವುದಿಲ್ಲವಾದ್ದರಿಂದ ಅವಳು ಬಲಕ್ಕೆ ಕೂತಿದ್ದಳು. ಆ ಕಿವಿಯ ವಿಷಯ ಆಮೇಲೆ ಹೇಳುತ್ತೇನೆ.

ಸತ್ತ ಗಂಡ ಯುದ್ಧಕಾಲದ ಚಿನ್ನ ಕದ್ದವನು. 1944ರಲ್ಲಿ ಜರ್ಮನರ ವಿರುದ್ಧ ಹೋರಾಡುತ್ತಿದ್ದ ಫ್ರೆಂಚರಿಗೆ ತಲುಪಿಸಬೇಕಾಗಿದ್ದ ಎರಡೂವರೆ ಲಕ್ಷ ಡಾಲರಿನ ಚಿನ್ನವನ್ನು ಐದು ಮಂದಿ ಸೇರಿ ಹೂತಿಟ್ಟರು, ಇವನೊಬ್ಬನೇ ಹೋಗಿ ಬಾಚಿಕೊಂಡ. ಉಳಿದವರಲ್ಲಿ ಮೂವರು ಈಗ ಹೆಂಡತಿಯ ಬೆನ್ನು ಹತ್ತಿದ್ದಾರೆ. (ಆಡ್ರೆ ಹೆಪ್‌ಬರ್ನ್ ಸ್ವತಃ ಆ ವರ್ಷಗಳಲ್ಲಿ ಹಾಲೆಂಡಿನಲ್ಲಿದ್ದ ಹುಡುಗಿ, ಜರ್ಮನರ ಕೈಕೆಳಗೆ ಹಸಿವು ಕಂಡವಳು. ಅಷ್ಟು ಚೆಂದದ ಉಡುಪು ತೊಟ್ಟು ಆ ಚಿನ್ನದ ಕಥೆ ಕೇಳುತ್ತಾ ಕೂತಾಗ ಅವಳ ಮನಸ್ಸಿನಲ್ಲಿ ಏನಿತ್ತೋ.) ಇವಳಿಗೆ ನೆರವಾಗಲು ಬರುವವನೇ ಕ್ಯಾರಿ ಗ್ರಾಂಟ್. ಮೊದಲು ಅವನ ಹೆಸರು ಪೀಟರ್. ಸುಳ್ಳು ಎಂದು ಗೊತ್ತಾಗುತ್ತದೆ. ಆಮೇಲೆ ಅಲೆಕ್ಸಾಂಡರ್, ಯುದ್ಧದಲ್ಲಿ ಸತ್ತ ಐದನೆಯವನ ತಮ್ಮ. ಅವನಿಗೆ ತಮ್ಮನೇ ಇರಲಿಲ್ಲವಂತೆ. ಆಮೇಲೆ ಆಡಮ್, ಬರಿಯ ಕಳ್ಳ. ಅದೂ ಸುಳ್ಳು. ಪ್ರತಿ ಸಲ ಸಿಕ್ಕಿಬಿದ್ದಾಗಲೂ ಅವನು ನಾಚಿಕೊಳ್ಳುವುದಿಲ್ಲ. ಅಂಗಡಿಯವನು ಈ ಸೀರೆ ಬೇಡವೇ, ಇದನ್ನು ನೋಡಿ ಎಂದು ಇನ್ನೊಂದು ಬಿಚ್ಚುವ ಹಾಗೆ ಇನ್ನೊಂದು ಹೆಸರು ಬಿಚ್ಚುತ್ತಾನೆ. ಅವಳ ಸಿಟ್ಟು ಒಂದು ನಿಮಿಷ ಇರುತ್ತದೆ. ಅಷ್ಟರಲ್ಲಿ ಅವನು ಕೋಟು ಬೂಟು ಸಮೇತ ಬಚ್ಚಲಿನ ಶವರಿನ ಕೆಳಗೆ ನಿಂತು ಸ್ನಾನ ಮಾಡಿ ತೋರಿಸುತ್ತಾನೆ, ಅವಳು ನಗುತ್ತಾಳೆ, ನಾವೂ ನಗುತ್ತೇವೆ.

ನಗುವಿನ ಬಗ್ಗೆಯೇ ನನಗೆ ಮೊದಲ ತಕರಾರು. ಗಂಡನ ಶವ ಇಟ್ಟಲ್ಲಿಗೆ ಆ ಮೂವರೂ ಒಬ್ಬೊಬ್ಬರಾಗಿ ಬರುತ್ತಾರೆ. ಒಬ್ಬ ಹೆಣದ ಮೂಗಿನ ಹತ್ತಿರ ಕನ್ನಡಿ ಹಿಡಿದು ನೋಡುತ್ತಾನೆ, ಇನ್ನೊಬ್ಬ ಸೂಜಿಯಿಂದ ಚುಚ್ಚಿ ನೋಡುತ್ತಾನೆ, ನಿಜವಾಗಿ ಸತ್ತಿದ್ದಾನೋ ಇಲ್ಲವೋ ಎಂದು. ನಾನು ಬಿದ್ದು ಬಿದ್ದು ನಕ್ಕೆ. ನಕ್ಕಾದ ಮೇಲೆ ಪಿಚ್ಚೆನಿಸಿತು. ಆ ಮನುಷ್ಯನಿಗಾಗಿ ಇಡೀ ಚಿತ್ರದಲ್ಲಿ ಒಬ್ಬರೂ ಕಣ್ಣೀರು ಹಾಕುವುದಿಲ್ಲ. ಹೆಂಡತಿ ಮೊದಲೇ ಅವನನ್ನು ಬಿಡಬೇಕೆಂದಿದ್ದಳು ಎಂದು ಒಂದು ಮಾತು ಹೇಳಿಸಿ ನಮ್ಮ ಮನಸ್ಸನ್ನು ಹಗುರ ಮಾಡಿಬಿಟ್ಟಿದ್ದಾರೆ. ಸುಳ್ಳು ಹೇಳಿದ ಗಂಡನಿಗೆ ಸೂಜಿ, ಸುಳ್ಳು ಹೇಳಿದ ಪ್ರಿಯಕರನಿಗೆ ಮದುವೆ. ಇದು ಯಾವ ನ್ಯಾಯ?

ಚಿತ್ರದ ನಡುವೆ ಅವರಿಬ್ಬರೂ ಒಂದು ಒಗಟಿನ ಮಾತಾಡುತ್ತಾರೆ. ಎರಡು ಬುಡಕಟ್ಟಿನವರಿದ್ದಾರೆ, ಬಿಳಿ ಪಾದದವರು ಯಾವಾಗಲೂ ನಿಜ ಹೇಳುವವರು, ಕರಿ ಪಾದದವರು ಯಾವಾಗಲೂ ಸುಳ್ಳು ಹೇಳುವವರು. ದಾರಿಯಲ್ಲಿ ಸಿಕ್ಕ ಒಬ್ಬನನ್ನು ನೀನು ಯಾರು ಎಂದರೆ ಬಿಳಿ ಪಾದದವನು ಎನ್ನುತ್ತಾನೆ. ಪಾದ ನೋಡೋಣವೆಂದರೆ ಕಾಲಿಗೆ ಜೋಡು ಹಾಕಿದ್ದಾನೆ. ನಂಬುವುದು ಹೇಗೆ? ಇಬ್ಬರೂ ಹೇಳುವ ಉತ್ತರ ಒಂದೇ ಆದ್ದರಿಂದ ಉತ್ತರದಿಂದ ಏನೂ ತಿಳಿಯುವುದಿಲ್ಲ. ಹೆಣ್ಣು ನೋಡಲು ಬಂದವರ ಮನೆಯಲ್ಲಿ ನಾವು ಕೇಳುವ ಪ್ರಶ್ನೆಗಳೆಲ್ಲ ಹೀಗೇ ಅಲ್ಲವೇ? ಹುಡುಗನಿಗೆ ಏನಾದರೂ ಅಭ್ಯಾಸಗಳುಂಟೇ ಎಂದರೆ, ಅಭ್ಯಾಸ ಇರುವವರೂ ಇಲ್ಲದವರೂ ಕೊಡುವ ಉತ್ತರ ಒಂದೇ.

ಕೊನೆಗೆ ಪ್ಯಾರಿಸ್ಸಿನ ಹಳೆಯ ಅರಮನೆಯೊಂದರ ಕಂಬಸಾಲಿನಲ್ಲಿ ರೆಜಿನಾ ನಡುವೆ ನಿಲ್ಲುತ್ತಾಳೆ. ಒಂದು ಕಡೆ ಅಮೆರಿಕದ ರಾಯಭಾರ ಕಚೇರಿಯಲ್ಲಿ ಕುರ್ಚಿ ಮೇಜು ಇಟ್ಟುಕೊಂಡು ಮೊದಲಿನಿಂದ ಸಲಹೆ ಕೊಡುತ್ತಾ ಬಂದ ಅಧಿಕಾರಿ. ಅವನು ಅವಳಿಗೆ ಒಂದು ಸುಳ್ಳನ್ನೂ ಹೇಳಿದ ಹಾಗಿಲ್ಲ. ಇನ್ನೊಂದು ಕಡೆ ಸಿಕ್ಕಾಪಟ್ಟೆ ಸುಳ್ಳು ಹೇಳಿದವನು. ಇಬ್ಬರೂ ನನ್ನ ಕಡೆ ಬಾ ಎನ್ನುತ್ತಾರೆ. ನಿನ್ನನ್ನು ಏಕೆ ನಂಬಬೇಕು ಎಂದು ಅವಳು ಕೇಳಿದಾಗ ಸುಳ್ಳುಗಾರ ಮೊಟ್ಟಮೊದಲ ಸಲ ನಿಜ ಹೇಳುತ್ತಾನೆ, ನಂಬಲು ಒಂದು ಕಾರಣವೂ ನನಗೆ ತೋಚುತ್ತಿಲ್ಲ ಎಂದು. ಅವಳು ಅವನ ಕಡೆಗೆ ಓಡುತ್ತಾಳೆ. ಅಧಿಕಾರಿಯೇ ಕೊಲೆಗಾರ. ಸತ್ತನೆಂದು ಎಲ್ಲರೂ ತಿಳಿದಿದ್ದ ಆ ಐದನೆಯವನು. ಸುಳ್ಳುಗಾರನ ನಾಲ್ಕನೆಯ ಹೆಸರು ಬ್ರಯಾನ್, ಕದ್ದ ಸರ್ಕಾರಿ ಹಣವನ್ನು ಹುಡುಕುವ ಖಜಾನೆಯ ನೌಕರ. ನಿಜವಾದ ಕಚೇರಿ, ನಿಜವಾದ ಮೇಜು.

ನೋಡಿ ಮುಗಿದ ಮೇಲೆ ಮಗಳು ಹೇಳಿದಳು, “ನಾನಾಗಿದ್ರೆ ಎರಡನೇ ಹೆಸರಿಗೇ ಸೂಟ್‌ಕೇಸ್ ತಗೊಂಡು ಹೊರಟುಬಿಡ್ತಿದ್ದೆ ಅಮ್ಮ. ಒಂದ್ಸಲ ಸುಳ್ಳು ಹೇಳಿದೋನು ಯಾವಾಗ್ಲೂ ಹೇಳ್ತಾನೆ.”

ಅವಳ ಮಾತಿನಲ್ಲಿ ತಪ್ಪೇನಿಲ್ಲ. ಈ ಚಿತ್ರ ಹೆಂಗಸರಿಗೆ ಒಂದು ಮೋಸ ಮಾಡುತ್ತದೆ. ರೆಜಿನಾ ನಂಬಿದ್ದು ಏನನ್ನು? ಕ್ಯಾರಿ ಗ್ರಾಂಟನ ಮುಖವನ್ನು. ಅಧಿಕಾರಿಯ ಪಾತ್ರ ಮಾಡಿದ ವಾಲ್ಟರ್ ಮ್ಯಾಥೌನ ಜೋತ ಮುಖವನ್ನು ಈ ಕಡೆ ಇಟ್ಟು, ಗ್ರಾಂಟನನ್ನು ಆ ಕಡೆ ನಿಲ್ಲಿಸಿದ್ದರೆ ಅವಳು ಯಾವ ಕಡೆ ಓಡುತ್ತಿದ್ದಳು? ಟಿಕೆಟ್ಟು ಕೊಂಡ ನಮಗೆ ಅವನು ನಾಯಕ ಎಂದು ಗೊತ್ತು, ಅವಳಿಗೆ ಗೊತ್ತಿರಬಾರದು, ಆದರೂ ಗೊತ್ತಿರುವ ಹಾಗೆ ನಡೆಯುತ್ತಾಳೆ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿ ಹೀಗೆ ನಗಿಸುವ ಬಾಯಿಯೊಂದನ್ನು ನಂಬಿದಳು. ಅವನೂ ಮೊದಲು ಇಂಜಿನಿಯರ್ ಎಂದಿದ್ದ, ಆಮೇಲೆ ಕಂಟ್ರಾಕ್ಟರ್, ಆಮೇಲೆ ಏನೂ ಅಲ್ಲ. ಅವಳಿಗೆ ಕೊನೆಯ ರೀಲಿನಲ್ಲಿ ಖಜಾನೆಯ ಅಧಿಕಾರಿ ಸಿಗಲಿಲ್ಲ, ತವರಿಗೆ ವಾಪಸು ಬರುವ ಬಸ್ಸು ಸಿಕ್ಕಿತು. ಗ್ರಾಂಟನ ಪಾತ್ರದ ಮೇಲೆ ನನಗೆ ಇನ್ನೂ ಒಂದು ಕೋಪವಿದೆ. ಅವಳನ್ನು ಗಾಳದ ಎರೆಹುಳುವಿನ ಹಾಗೆ ಬಳಸಿಕೊಂಡು ಅವಳ ಜೊತೆಗೇ ನದಿಯ ದೋಣಿಯಲ್ಲಿ ಊಟಕ್ಕೆ ಕೂತನಲ್ಲ, ಅದಕ್ಕೆ ಅವನು ಕ್ಷಮೆ ಕೇಳಬೇಕಿತ್ತು. ಚಿತ್ರ ಅದನ್ನು ಒಂದು ತಮಾಷೆಯಲ್ಲಿ ಹಾರಿಸಿಬಿಡುತ್ತದೆ.

ಇಷ್ಟೆಲ್ಲ ಮಗಳಿಗೆ ಹೇಳಬಹುದಿತ್ತು. ಹೇಳಲಿಲ್ಲ. “ಒಂದ್ಸಲ ಸುಳ್ಳು ಹೇಳಿದೋನು” ಎಂಬ ಮಾತು ನನ್ನ ಬಲಗಿವಿಯಲ್ಲಿ ಕೂತುಬಿಟ್ಟಿತ್ತು.

ನಮ್ಮ ಮನೆಯವರು ತೀರಿಕೊಂಡದ್ದು 2016ರಲ್ಲಿ. ವರ್ಷಾಂತಿಕ ಮುಗಿದ ಮೇಲೆ, ಅಟ್ಟದ ಮೇಲಿದ್ದ ಅವರ ಟ್ರಂಕನ್ನು ಇಳಿಸಿ ಒರೆಸಿದೆ. ತಳಕ್ಕೆ ಹಾಸಿದ್ದ ಹಳೆಯ ದಿನಪತ್ರಿಕೆಯ ಕೆಳಗೆ ಒಂದು ಕಂದು ಲಕೋಟೆ ಇತ್ತು. ಇಂಥ ಲಕೋಟೆ ಕೈಗೆ ಬಂದಾಗ ಹೆಂಡತಿಯಾದವಳ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಯಾವಳೋ ಒಬ್ಬಳ ಕಾಗದಗಳಿರುತ್ತವೆ ಎಂದುಕೊಂಡೇ ಬಿಚ್ಚಿದೆ. ಇದ್ದದ್ದು ಏಳು ಹಾಲ್ ಟಿಕೆಟ್ಟುಗಳು. ಬಿ.ಎ. ಕೊನೆಯ ವರ್ಷ, ಇಂಗ್ಲಿಷ್ ಪತ್ರಿಕೆ ಮಾತ್ರ. ಪರೀಕ್ಷಾ ಕೇಂದ್ರ ಮೈಸೂರು. 1974ರ ಅಕ್ಟೋಬರಿನಿಂದ 1979ರವರೆಗೆ. ಜೊತೆಯಲ್ಲಿ ಅಂಕಪಟ್ಟಿಗಳು. 28, 31, 26, 33.

ನಮ್ಮ ಮದುವೆಯಾದದ್ದು 1974ರ ಮೇ ತಿಂಗಳಲ್ಲಿ. ನಾನು ಬಿ.ಎ., ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ಹುಡುಗ ಡಿಗ್ರಿ ಆಗಿರಲೇಬೇಕು ಎಂದು ನಮ್ಮ ಅಪ್ಪ ಪಟ್ಟು ಹಿಡಿದಿದ್ದರು. ಹೆಣ್ಣು ನೋಡಲು ಬಂದ ದಿನ ಅವರ ಸೋದರಮಾವ, “ನಮ್ಮ ಹುಡುಗ ಬಿ.ಎ. ಮಾಡಿದ್ದಾನೆ” ಎಂದರು. ಮಾಡಿದ್ದಾನೆ ಎಂದರೆ ಪಾಸು ಮಾಡಿದ್ದಾನೆ ಎಂದು ನಾವು ತಿಳಿದೆವು. ಹುಡುಗ ತಲೆ ತಗ್ಗಿಸಿ ಕೇಸರಿಬಾತು ತಿನ್ನುತ್ತಿದ್ದರು. ನಾಚಿಕೆಯ ಸ್ವಭಾವ ಎಂದು ನಮ್ಮ ಅತ್ತೆ ಮೆಚ್ಚಿಕೊಂಡಿದ್ದೂ ಉಂಟು.

‘ಶರೇಡ್’ನಲ್ಲಿ ಆ ಎರಡೂವರೆ ಲಕ್ಷ ಎಲ್ಲಿದೆ ಗೊತ್ತೇ? ಗಂಡನ ಚೀಲದಲ್ಲಿದ್ದ ಒಂದು ಕಾಗದದ ಲಕೋಟೆಯ ಮೇಲೆ ಅಂಟಿಸಿದ ಮೂರು ಅಂಚೆಚೀಟಿಗಳಲ್ಲಿ. ಎಲ್ಲರೂ ಲಕೋಟೆಯ ಒಳಗೆ ಹುಡುಕುತ್ತಾರೆ, ಮೇಲೆ ನೋಡುವುದಿಲ್ಲ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಮದುವೆಯ ಆಲ್ಬಮ್ಮಿನಲ್ಲಿ ಎರಡು ಲಗ್ನಪತ್ರಿಕೆಗಳಿವೆ. ನಮ್ಮ ಕಡೆ ಅಚ್ಚು ಹಾಕಿಸಿದ್ದರಲ್ಲಿ ವರನ ಹೆಸರಿನ ಮುಂದೆ ಬಿ.ಎ. ಎಂದಿದೆ. ಅವರ ಕಡೆಯದರಲ್ಲಿ ಬರೀ ಹೆಸರಿದೆ. ಎರಡನ್ನೂ ಒಂದೇ ಪುಟದಲ್ಲಿ ಅಂಟಿಸಿದವಳು ನಾನು. ನಲವತ್ತು ವರ್ಷ ಬಂದವರಿಗೆಲ್ಲ ತೋರಿಸಿದೆ.

ವರ್ಷಕ್ಕೆ ಒಂದೋ ಎರಡೋ ಸಲ ಅವರು “ಮೈಸೂರಲ್ಲಿ ಆಡಿಟ್ ಕೆಲಸ” ಎಂದು ಅರಸೀಕೆರೆಯಿಂದ ಪ್ಯಾಸೆಂಜರ್ ರೈಲು ಹತ್ತುತ್ತಿದ್ದರು. ಸಹಕಾರ ಸಂಘವೊಂದರಲ್ಲಿ ಗುಮಾಸ್ತರು, ಆಡಿಟ್ ಇರುತ್ತದೆ ಎಂದು ನಾನು ಚಿತ್ರಾನ್ನ ಕಟ್ಟಿಕೊಡುತ್ತಿದ್ದೆ. ಹೊರಡುವ ಮುಂಚಿನ ವಾರಗಳಲ್ಲಿ ನಾನು ಒಲೆಯ ಮುಂದಿರುವಾಗ ಬಂದು ನಿಂತು, “ಈ ವಾಕ್ಯಕ್ಕೆ ಪ್ಯಾಸಿವ್ ವಾಯ್ಸ್ ಹೇಗೆ ಬರೀತಾರೆ? ಆಫೀಸಿನ ಕಾಗದಕ್ಕೆ ಬೇಕು” ಎಂದು ಕೇಳುತ್ತಿದ್ದರು. ಸಹಕಾರ ಸಂಘದ ಕಾಗದಕ್ಕೆ ಪ್ಯಾಸಿವ್ ವಾಯ್ಸ್ ಏಕೆ ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಸೌಟು ತಿರುಗಿಸುತ್ತಾ ಹೇಳಿಕೊಡುತ್ತಿದ್ದೆ.

ಇಷ್ಟಾದರೆ ನಗಬಹುದು. ಲಕೋಟೆ ಹಿಡಿದು ನಾನು ಮೊದಲು ನಕ್ಕದ್ದೂ ನಿಜ. ಆದರೆ ಆಮೇಲೆ ನೆನಪಾಯಿತು, ನಾನು ಸಂಜೆ ಜಗಲಿಯಲ್ಲಿ ಕೂತು ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಅವರ ತಪ್ಪು ಇಂಗ್ಲಿಷನ್ನು ಗಟ್ಟಿಯಾಗಿ ಓದಿ ನಗುತ್ತಿದ್ದೆ. “ಕೇಳಿ ಇಲ್ಲಿ, ಈ ದಡ್ಡ ಏನು ಬರೆದಿದಾನೆ” ಎಂದು ಅವರನ್ನೂ ಕರೆಯುತ್ತಿದ್ದೆ. ಅವರು ಎದ್ದು ಬಾವಿಯ ಕಡೆ ಹೋಗಿಬಿಡುತ್ತಿದ್ದರು. ಸಂಜೆ ಹೊತ್ತು ಅಷ್ಟೊಂದು ನೀರು ಏಕೆ ಸೇದುತ್ತಾರೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಈಗ ಕಿವಿಯ ವಿಷಯ. ಹತ್ತು ವರ್ಷದವಳಿದ್ದಾಗ ಕಿವಿ ಸೋರಿ ನನ್ನ ಎಡಗಿವಿ ಹೋಯಿತು. ಮದುವೆಯ ಮಾತುಕತೆಯಲ್ಲಿ ನಮ್ಮವರು ಇದನ್ನು ಬಾಯಿ ಬಿಡಲಿಲ್ಲ. ಹುಡುಗನ ಕಡೆಯವರನ್ನು ಬಲಗಡೆ ಬರುವ ಹಾಗೆ ಚಾಪೆ ಹಾಕಿ ಕೂರಿಸಿದ್ದರು ಎಂದರೆ ನಮ್ಮ ಅಮ್ಮನ ಯುಕ್ತಿ ಊಹಿಸಿಕೊಳ್ಳಿ. ಮದುವೆಯಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅವರಿಗೆ ತಿಳಿದಿರಬೇಕು. ಅಂದಿನಿಂದ ದಾರಿಯಲ್ಲಿ, ಸಿನಿಮಾದಲ್ಲಿ, ಬಸ್ಸಿನಲ್ಲಿ, ಅವರು ಯಾವಾಗಲೂ ನನ್ನ ಬಲಕ್ಕೇ. ಒಂದು ಪ್ರಶ್ನೆಯಿಲ್ಲ, ಒಂದು ಚುಚ್ಚು ಮಾತಿಲ್ಲ. ನಾನೇ ಹೇಳಿಕೊಳ್ಳಲು ಮೂರು ತಿಂಗಳು ಹಿಡಿಯಿತು, ಆಗಲೂ “ಗೊತ್ತು” ಎಂದರು ಅಷ್ಟೆ. ಅವರ ಎದುರಿಗೆ ನನ್ನ ಸುಳ್ಳನ್ನು ಒಪ್ಪಿಕೊಳ್ಳುವುದು ಅಷ್ಟು ಸುಲಭವಾಗಿತ್ತು. ನನ್ನ ಎದುರಿಗೆ ಅವರ ಸುಳ್ಳು ನಲವತ್ತೆರಡು ವರ್ಷ ಟ್ರಂಕಿನ ತಳದಲ್ಲಿರಬೇಕಾಯಿತು.

ಸುಳ್ಳಿನ ವಿಚಾರ ಬಂದಾಗ ನಾವು ಯಾವಾಗಲೂ ಹೇಳಿದವನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತೇವೆ. ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ ಒಂದು ಲೇಖನದಲ್ಲಿ, ಸ್ನೇಹಿತನನ್ನು ಕೊಲ್ಲಲು ಹುಡುಕಿಕೊಂಡು ಬಂದವನು ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳು ಹೇಳಕೂಡದು ಎನ್ನುತ್ತಾನೆ. ಅವನು ಮದುವೆಯಾಗಿರಲಿಲ್ಲ, ಬಿಡಿ. ನಮ್ಮ ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಹೇಳಿ, ಆನೆ ಎಂಬುದನ್ನು ಕೇಳಿಸದಂತೆ ಹೇಳಿದ. ಅಲ್ಲಿಯವರೆಗೆ ನೆಲದಿಂದ ನಾಲ್ಕು ಬೆರಳು ಮೇಲಿದ್ದ ಅವನ ರಥ ಕೆಳಗಿಳಿಯಿತು. “ಬಿ.ಎ. ಮಾಡಿದ್ದಾನೆ” ಎಂಬುದೂ ಅದೇ ಜಾತಿಯ ಮಾತು. ಆದರೆ ರಥ ಇಳಿದ ಮೇಲೆ ಧರ್ಮರಾಯ ಅದನ್ನು ಮತ್ತೆ ಮೇಲೆತ್ತಲು ಏನಾದರೂ ಮಾಡಿದನೇ? ನಮ್ಮ ಮನೆಯವರು ಮಾಡಿದರು. ಐದು ವರ್ಷ, ಏಳು ಸಲ, ಗುಟ್ಟಾಗಿ ರೈಲು ಹತ್ತಿ, ಹೇಳಿದ ಸುಳ್ಳನ್ನು ನಿಜ ಮಾಡಲು ಹೋದರು. ಇದನ್ನು ಮೋಸ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಮೋಸವಲ್ಲ ಎನ್ನಲೂ ಆಗುವುದಿಲ್ಲ. ನಿಜ ಗೊತ್ತಿದ್ದರೆ ಅಪ್ಪ ಈ ಸಂಬಂಧವನ್ನು ಒಪ್ಪುತ್ತಿರಲಿಲ್ಲ, ಬಹುಶಃ ನಾನೂ. ನನ್ನ ಆಯ್ಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು ಎಂಬುದು ಲೆಕ್ಕದಲ್ಲಿ ಹಾಗೇ ನಿಂತಿದೆ. ಅವರು ಒಳ್ಳೆಯವರಾಗಿದ್ದರು ಎಂಬ ಕಾರಣಕ್ಕೆ ಅದನ್ನು ಹೊಡೆದುಹಾಕಿದರೆ, ನಮ್ಮ ಬೀದಿಯ ಆ ಹುಡುಗಿಗೆ ನಾನು ಏನು ಹೇಳಲಿ? ನಿನ್ನ ಪಾಲಿಗೆ ಬಂದವನು ಒಳ್ಳೆಯವನಾಗಲಿಲ್ಲ, ಅಷ್ಟೇ ಎಂದೇ?

ಇಷ್ಟು ಯೋಚಿಸುವ ಹೊತ್ತಿಗೆ ಇನ್ನೊಂದು ಮಾತು ಎದುರು ಬಂತು. ಲಕೋಟೆ ಸಿಕ್ಕಿ ಎಷ್ಟೋ ವರ್ಷಗಳಾದರೂ ನಾನು ಮಗಳಿಗೆ ಹೇಳಿರಲಿಲ್ಲ. ಅಪ್ಪ ಆ ಕಾಲದ ಗ್ರಾಜುಯೇಟ್ ಎಂದು ಅವಳು ಮೊಮ್ಮಕ್ಕಳಿಗೆ ಹೇಳುವಾಗಲೆಲ್ಲ ಸುಮ್ಮನೆ ಕೂತಿರುತ್ತಿದ್ದೆ. ಸತ್ತವರ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಕೇಸರಿಬಾತು ತಿನ್ನುತ್ತಾ ತಲೆ ತಗ್ಗಿಸಿ ಕೂತದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಅವತ್ತು ರಾತ್ರಿ ಹೇಳಿದೆ. ಮಗಳು ಎರಡು ನಿಮಿಷ ಮಾತಾಡಲಿಲ್ಲ. “ನನ್ನ ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕುವಾಗ ಅಪ್ಪ ಯಾವತ್ತೂ ಬೈಲಿಲ್ಲ ಅಲ್ವಾ” ಎಂದಳು ಕೊನೆಗೆ. ಆಮೇಲೆ ಕೇಳಿದಳು, “ಪಾಸಾಗ್ಲೇ ಇಲ್ವಾ ಅಮ್ಮ?”

ಪಾಸಾದರು. ಏಳನೆಯ ಸಲ, 1979ರಲ್ಲಿ. ಇಂಗ್ಲಿಷ್ 42. ಆಗ ಅವಳಿಗೆ ಎರಡು ವರ್ಷ. “ಮತ್ತೆ ಯಾರಿಗೆ ಹೇಳಿದ್ರು?” ಎಂದಳು. ಯಾರಿಗೆ ಹೇಳುವುದು? ನನಗೆ ಹೇಳಿದರೆ ಅಲ್ಲಿಯವರೆಗೆ ಆಗಿರಲಿಲ್ಲ ಎಂದು ಹೇಳಿದ ಹಾಗೆ.

ಚಿತ್ರದಲ್ಲಿ ಒಬ್ಬ ಮುದುಕ ಅಂಚೆಚೀಟಿ ವ್ಯಾಪಾರಿ ಬರುತ್ತಾನೆ. ಬೆಲೆ ತಿಳಿಯದ ಮಗುವಿನ ಕೈಯಿಂದ ಆ ಮೂರು ಚೀಟಿಗಳು ಅವನಿಗೆ ಸಿಕ್ಕಿರುತ್ತವೆ. ರೆಜಿನಾ ಓಡಿಬಂದಾಗ ವಾಪಸು ಕೊಡುತ್ತಾನೆ. ಕೆಲವು ನಿಮಿಷ ಅವು ನನ್ನವಾಗಿದ್ದವಲ್ಲ, ಅಷ್ಟು ಸಾಕು ಎಂಬಂಥ ಭಾವ ಅವನದು. ಮಗಳು “ಆ ದಿನ ಅಪ್ಪ ಏನ್ ಮಾಡಿರ್ಬೋದು?” ಎಂದಾಗ ನನಗೆ ಆ ಮುದುಕನ ಮುಖ ಕಣ್ಣಿಗೆ ಬಂತು. ಮೈಸೂರಿನಿಂದ ಅರಸೀಕೆರೆಯವರೆಗೆ ಪ್ಯಾಸೆಂಜರ್ ರೈಲಿನಲ್ಲಿ ಎಷ್ಟು ಗಂಟೆಯಾಗುತ್ತಿತ್ತೋ, ಅಷ್ಟು ಗಂಟೆ ಆ ಕಾಗದ ಅವರದಾಗಿತ್ತು.

ಒಂದು ಸಲ ಅವರು ಮೈಸೂರಿನಿಂದ ಬರುವಾಗ ಎರಡು ಕೆ.ಜಿ. ಮೈಸೂರುಪಾಕು ತಂದಿದ್ದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ತಿಂಗಳ ಕೊನೆ ಬೇರೆ. ಅದು ಅದೇ ವರ್ಷವೇ ಎಂದು ಆಣೆ ಮಾಡಿ ಹೇಳಲಾರೆ, ಆದರೆ ಮಗಳು ತಪ್ಪು ಹೆಜ್ಜೆ ಇಡುತ್ತಾ ಓಡಿ ಹೋಗಿ ಡಬ್ಬಿ ಕಿತ್ತುಕೊಂಡದ್ದು ನೆನಪಿದೆ. ಏನು ವಿಶೇಷ, ಇಷ್ಟೊಂದು ದುಡ್ಡು ಸುರಿದು ಬಂದಿರಲ್ಲ ಎಂದು ನಾನು ರೇಗಿದೆ.

“ಆಡಿಟ್ ಚೆನ್ನಾಗಿ ಆಯ್ತು” ಎಂದರು. ಕೈಕಾಲು ತೊಳೆದು ಬಂದು, ನನ್ನ ಬಲಕ್ಕೆ ಕೂತು, ತಾವೇ ಒಂದು ತುಂಡು ಮುರಿದು ಕೊಟ್ಟರು.